ಮಂಗಳೂರು–ಉಡುಪಿಯಲ್ಲಿ ಒಂದು ರೇಸ್ ಟ್ರ್ಯಾಕ್ ಯಾಕಿಲ್ಲ? ಹಳೆಯ ರೇಸುಗಳ ನೆನಪು ಇದ್ದವರು ದಯವಿಟ್ಟು ಬರೆಯಿರಿ

ರೋಡ್‌ಕಿಂಗ್ ಮಗ (ಸುರತ್ಕಲ್)
ಅಪ್ಪ ತೀರಿಕೊಂಡು ಎರಡು ತಿಂಗಳಾಯಿತು. ಮೊನ್ನೆ ಅಟ್ಟ ಗುಡಿಸುವಾಗ ಒಂದು ತಗಡಿನ ಪೆಟ್ಟಿಗೆ ಸಿಕ್ಕಿತು. ಒಳಗೆ ಒಂದು ಹಳೆಯ ಹೆಲ್ಮೆಟ್ಟು, ಮುಟ್ಟಿದರೆ ಒಳಗಿನ ಸ್ಪಂಜು ಪುಡಿಯಾಗಿ ಉದುರುತ್ತದೆ. ಕೈಯಲ್ಲೇ 27 ಎಂದು ಬಣ್ಣದಲ್ಲಿ ಬರೆದ ಒಂದು ತಗಡು. ಮತ್ತೆ ಗ್ರೀಸ್ ಹಚ್ಚಿ ಪೇಪರಿನಲ್ಲಿ ಸುತ್ತಿಟ್ಟ ಮೂರು ಸ್ಪ್ರಾಕೆಟ್, ಅಂದರೆ ಚೈನು ಕೂರುವ ಹಲ್ಲಿನ ಚಕ್ರ. ಒಂದೊಂದಕ್ಕೂ ಬಿಳಿ ಪೇಂಟಿನಲ್ಲಿ ಹೆಸರು ಬರೆದಿದ್ದಾರೆ: ಶೋಲಾವರಂ, ಮನೆ, ಮಣ್ಣು.

80ರ ದಶಕದ ಮೊದಲಿಗೆ ಅಪ್ಪ ಯೆಜ್ಡಿ ರೋಡ್‌ಕಿಂಗ್ ತೆಗೆದುಕೊಂಡು ಮದ್ರಾಸಿನ ಹತ್ತಿರದ ಶೋಲಾವರಂಗೆ ಹೋಗುತ್ತಿದ್ದರಂತೆ. ಟ್ಯಾಂಕಿನ ಪೆಟ್ರೋಲು ಪೂರ್ತಿ ಖಾಲಿ ಮಾಡಿ, ಗೋಣಿ ಸುತ್ತಿ, ಮದ್ರಾಸ್ ಮೈಲಿನ ಬ್ರೇಕ್‌ವ್ಯಾನಿಗೆ ಬೈಕು ಹತ್ತಿಸುವುದು. ಅವರು ಜನರಲ್ ಬೋಗಿಯಲ್ಲಿ. ಇಷ್ಟು ಅಮ್ಮನಿಗೆ ಗೊತ್ತು. ಆದರೆ ಮಣ್ಣು ಎಂದು ಬರೆದ ಸ್ಪ್ರಾಕೆಟ್ ಯಾವ ಊರಿಗೆ ಅಂತ ಅಮ್ಮನಿಗೂ ಗೊತ್ತಿಲ್ಲ. ನಮ್ಮ ಜಿಲ್ಲೆಯಲ್ಲೇ ಎಲ್ಲಿಯಾದರೂ ಮಣ್ಣಿನ ರೇಸು ಆಗುತ್ತಿತ್ತಾ? ನೋಡಿದವರು ಉಂಟಾ?

ಇನ್ನೊಂದು ಪ್ರಶ್ನೆ ಇದರ ಜೊತೆಗೇ. ಡಾಕರ್ ರ‍್ಯಾಲಿ ಮುಗಿಸಿ ಬಂದ ಕೆ.ಪಿ. ಅರವಿಂದ್ ಮೂಲತಃ ಉಡುಪಿಯವರು. ರಾಷ್ಟ್ರೀಯ ರ‍್ಯಾಲಿ ಓಡಿಸುವ ಡೀನ್ ಮಸ್ಕರೇನಸ್ ಮಂಗಳೂರಿನವರು. ಇಷ್ಟಿದ್ದೂ ನಮ್ಮ ಹುಡುಗರಿಗೆ ಕಾನೂನುಬದ್ಧವಾಗಿ ಬೈಕು ಜೋರಾಗಿ ಬಿಡಲಿಕ್ಕೆ ಒಂದು ಕಿಲೋಮೀಟರ್ ಜಾಗ ಯಾಕಿಲ್ಲ?

ಪಣಂಬೂರು ಗಾಳಿ
ಮೊದಲು ಫೋಟೋ ಹಾಕಿ ಮಾರಾಯ್ರೇ. 27ನೇ ನಂಬರಿನ ತಗಡು ನೋಡಬೇಕು.

ಕಾಪು ದೀಪಸ್ತಂಭ
ಅಪ್ಪನವರ ಸುದ್ದಿ ಕೇಳಿ ಬೇಜಾರಾಯಿತು. ಪೆಟ್ಟಿಗೆಯನ್ನು ಗುಜರಿಗೆ ಹಾಕದೆ ಇಲ್ಲಿ ಬಂದು ಕೇಳಿದ್ದು ದೊಡ್ಡ ವಿಷಯ.

ಪದವಿನಂಗಡಿ
ಶೋಲಾವರಂ ಎರಡನೇ ಮಹಾಯುದ್ಧದ ಕಾಲದ ವಾಯುನೆಲೆ. ಯುದ್ಧ ಮುಗಿದ ಮೇಲೆ ರನ್‌ವೇ ಹಾಗೇ ಬಿದ್ದಿತ್ತು, ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್ಬಿನವರು ಅದರ ಮೇಲೆ ರೇಸು ಶುರು ಮಾಡಿದರು. ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಕೂಡ ಹಾಗೇ ಹುಟ್ಟಿದ್ದು. ನಮ್ಮ ಬಜಪೆ ವಿಮಾನ ನಿಲ್ದಾಣವೂ ಯುದ್ಧಕಾಲದ್ದೇ ಅಲ್ವಾ? ಅಲ್ಲಿಯೂ ರೇಸು ಆಗಿರಬಹುದು.

ಬಜಪೆ ಬಯಲು
ಅಲ್ಲ. ಬಜಪೆ ಸ್ವಾತಂತ್ರ್ಯದ ನಂತರದ್ದು. 1951ರ ಡಿಸೆಂಬರ್ 25ರಂದು ನೆಹರು ಡಿಸಿ-3 ವಿಮಾನದಲ್ಲಿ ಬಂದು ಇಳಿದದ್ದು, ಅಲ್ಲಿಂದ ಶುರು. ಹಳೆಯ ರನ್‌ವೇ 1,615 ಮೀಟರ್. 2006ರಲ್ಲಿ 2,450 ಮೀಟರಿನ ಹೊಸತು ಬಂತು. ಮದ್ರಾಸಿಗೆ, ಬೆಂಗಳೂರಿಗೆ, ಕಲ್ಕತ್ತೆಗೆಲ್ಲ ಯುದ್ಧ ಮುಗಿದಾಗ ಬಳಸದ ಕಾಂಕ್ರೀಟು ಪುಕ್ಕಟೆ ಸಿಕ್ಕಿತು. ನಮಗೆ ಸಿಕ್ಕಲಿಲ್ಲ. ಇಲ್ಲಿ ಟ್ರ್ಯಾಕ್ ಹುಟ್ಟದೇ ಇರಲಿಕ್ಕೆ ದೊಡ್ಡ ಕಾರಣ ಇದೇ ಅಂತ ನನ್ನ ಅಭಿಪ್ರಾಯ. ಜನರಿಗೆ ಆಸಕ್ತಿ ಇರಲಿಲ್ಲ ಅಂತ ಅಲ್ಲ.

ಪದವಿನಂಗಡಿ
ಸರಿ, ತಿದ್ದಿಕೊಂಡೆ. ಆದರೆ ಬಜಪೆ ಇರುವುದು ಪದವಿನ ಮೇಲೆ, ಅಂದರೆ ಗುಡ್ಡದ ಮೇಲಿನ ಬಯಲಿನಲ್ಲಿ, ಎಂಬುದು ನೆನಪಿರಲಿ. ನಮ್ಮಲ್ಲಿ ಸಮತಟ್ಟು ಜಾಗ ಅಂದರೆ ಪದವೇ. ಉಳಿದದ್ದೆಲ್ಲ ಗುಡ್ಡ, ಗದ್ದೆ, ತೋಡು.

ಕೂಳೂರು ಗ್ಯಾರೇಜ್
ಸ್ಪ್ರಾಕೆಟ್ ಸುದ್ದಿ ಓದಿ ಕೈಲಿದ್ದ ಸ್ಪ್ಯಾನರ್ ಕೆಳಗಿಟ್ಟು ಬರೆಯುತ್ತಿದ್ದೇನೆ. ತಮ್ಮ, ಹಲ್ಲು ಎಣಿಸಿ ಹೇಳು. ಎಂಜಿನ್ ಕಡೆಯ ಸಣ್ಣ ಸ್ಪ್ರಾಕೆಟ್ ಆಗಿದ್ದರೆ ಶೋಲಾವರಂನದ್ದರಲ್ಲಿ ಹಲ್ಲು ಜಾಸ್ತಿ ಇರಬೇಕು. ಉದ್ದ ರನ್‌ವೇ, ಟಾಪ್ ಸ್ಪೀಡ್ ಬೇಕು. ಮಣ್ಣಿನದ್ದರಲ್ಲಿ ಹಲ್ಲು ಕಡಿಮೆ, ಯಾಕಂದರೆ ತಿರುವಿನಿಂದ ಎದ್ದು ಬರುವಾಗ ಎಳೆತ ಬೇಕು, ಸ್ಪೀಡು ಅಲ್ಲ. ಇನ್ನೊಂದು: ಮೂರರಲ್ಲಿ ಯಾವುದು ಹೆಚ್ಚು ಸವೆದಿದೆ ನೋಡು.

ನಾನು ಗ್ಯಾರೇಜಿಗೆ ಸೇರಿದ್ದು ಹನ್ನೆರಡನೇ ವರ್ಷಕ್ಕೆ. ಆಗ ರೇಸಿನ ಬೈಕು ಬಂದರೆ ನೋಡುವ ಮೊದಲೇ ಮೂಗಿಗೆ ಗೊತ್ತಾಗುತ್ತಿತ್ತು. ಟೂ ಸ್ಟ್ರೋಕ್ ಪೆಟ್ರೋಲಿಗೆ ಅವರು ಹರಳೆಣ್ಣೆಯಿಂದ ಮಾಡಿದ ಆಯಿಲ್ ಹಾಕುತ್ತಿದ್ದರು. ಕ್ಯಾಸ್ಟ್ರಾಲ್ ಎಂಬ ಹೆಸರೇ ಕ್ಯಾಸ್ಟರ್, ಅಂದರೆ ಹರಳೆಣ್ಣೆಯಿಂದ ಬಂದದ್ದು. ಸೈಲೆನ್ಸರಿನಿಂದ ಹೊಗೆ ಬಂದರೆ ಸಿಹಿ ವಾಸನೆ, ಅಜ್ಜಿ ಒಲೆಯ ಹತ್ತಿರ ಹರಳೆಣ್ಣೆ ಬಿಸಿ ಮಾಡಿದ ಹಾಗೆ. ಈಗಲೂ ಎಲ್ಲಿಯಾದರೂ ಆ ವಾಸನೆ ಬಂದರೆ ನಿಂತು ಬಿಡುತ್ತೇನೆ.

ಕೋಟೇಶ್ವರದ ಮಾಣಿ
ಹ್ವಾಯ್, ಬೈಕ್ ಸುದ್ದಿ ಸರಿ. ಕಾರಿನ್ ಸುದ್ದಿ ಯಾರೂ ಹೇಳುದಿಲ್ಯಾ?

ಕೂಳೂರು ಗ್ಯಾರೇಜ್
ಹೇಳುವ. ಜನ ಆಗ ರ‍್ಯಾಲಿಗೆ ಹೆಚ್ಚು ಹೋಗುತ್ತಿದ್ದದ್ದು ಫಿಯಟ್ಟಿನಲ್ಲಿ, ಅಂಬಾಸಡರಿನಲ್ಲಿ. ಬೆಂಗಳೂರಿನ ಸಿಪಾನಿ ಕಂಪೆನಿಯವರ ಡಾಲ್ಫಿನ್ ಬಂದಾಗ ದೊಡ್ಡ ಸುದ್ದಿ. 848 ಸಿಸಿಯ ಅಲ್ಯುಮಿನಿಯಂ ಎಂಜಿನ್, ಫೈಬರ್ ಬಾಡಿ, ಹಿಂದಿನ ಚಕ್ರಕ್ಕೆ ಪವರ್. ಮನೆಗೆ ತೆಗೆದುಕೊಂಡವರಿಗೆ ಅದು ಹಿಡಿಸಲಿಲ್ಲ, ರೇಸಿನವರು ಬಿಡಲಿಲ್ಲ. ಅಷ್ಟು ಹಗುರ. ಆಮೇಲೆ ಮಾರುತಿ ಜಿಪ್ಸಿ ಬಂದು ಆಟವನ್ನೇ ಬದಲಾಯಿಸಿತು.

ಜಿಪ್ಸಿಗೆ ನಾಲ್ಕೂ ಕಡೆ ಪ್ಲೇಟು, ಅಂದರೆ ಲೀಫ್ ಸ್ಪ್ರಿಂಗ್. ಪ್ಲೇಟಿನ ವಿಷಯದಲ್ಲಿ ಮಂಗಳೂರಿಗೆ ಇಡೀ ದೇಶದಲ್ಲಿ ಹೆಸರು ಉಂಟು, ಅದನ್ನು ಈಗಿನ ಮಕ್ಕಳು ಮರೆತಿದ್ದಾರೆ. 1914ರಲ್ಲಿ ಸಿಪಿಸಿ, ಅಂದರೆ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ, ಶುರುವಾಯಿತು. ಆಗ ಜಿಲ್ಲೆಯಲ್ಲಿ ಬಸ್ಸು ಎಂದರೆ ಏನು ಅಂತಲೇ ಜನರಿಗೆ ಗೊತ್ತಿರಲಿಲ್ಲ. ವಿ.ಎಸ್. ಕುಡ್ವರ ಕೆನರಾ ವರ್ಕ್‌ಶಾಪ್ಸ್‌ನಲ್ಲಿ ಆಮೇಲೆ ಸ್ಪ್ರಿಂಗ್ ಪ್ಲೇಟು ತಯಾರಾಯಿತು. ನಮ್ಮ ರಸ್ತೆಯ ಹೊಂಡವೇ ನಮಗೆ ಸ್ಪ್ರಿಂಗ್ ಕಲಿಸಿದ್ದು ಅಂತ ನನ್ನ ಗುರುಗಳು ಹೇಳುತ್ತಿದ್ದರು. ರೇಸಿನ ಚರಿತ್ರೆ ಬರೆಯುವವರು ಟ್ರೋಫಿ ಲೆಕ್ಕ ಹಾಕುತ್ತಾರೆ. ವರ್ಕ್‌ಶಾಪಿನ ಲೆಕ್ಕ ಯಾರು ಹಾಕುತ್ತಾರೆ?

ಬಂದರು ಹುಡುಗ
ರೇಸ್ ಪರಂಪರೆ ಅಂದರೆ ನಮ್ಮ ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸು. ಸಣ್ಣವನಿದ್ದಾಗ ಎದುರಿನ ಸೀಟಿಗಾಗಿ ಎರಡು ಬಸ್ಸು ಬಿಟ್ಟು ಕಾಯುತ್ತಿದ್ದೆ. ಆ ಡ್ರೈವರುಗಳ ಕೈ ನೋಡಬೇಕಿತ್ತು.

ರಾತ್ರಿಪಾಳಿ (ಮಣಿಪಾಲ)
ಅದನ್ನು ಪರಂಪರೆ ಅಂತ ಕರೆಯಬೇಡಿ, ದಯವಿಟ್ಟು. ನಾನು ಹದಿನಾರು ವರ್ಷದಿಂದ ಕ್ಯಾಶುವಾಲಿಟಿಯಲ್ಲಿ ನರ್ಸ್. ಎರಡು ವರ್ಷದ ಹಿಂದೆ ಒಂದು ರಾತ್ರಿ, ಒಂದೂವರೆ ಗಂಟೆ ಹೊತ್ತಿಗೆ, ಹೈವೇಯಿಂದ ಒಬ್ಬ ಹುಡುಗನನ್ನು ತಂದರು. ಇಬ್ಬರು ಗೆಳೆಯರು ಬಾಜಿ ಕಟ್ಟಿ ಬಿಟ್ಟದ್ದು. ಅವನ ಗೆಳೆಯ ಹೊರಗೆ ಬೆಂಚಿನಲ್ಲಿ ಕೂತಿದ್ದ, ಮಡಿಲಲ್ಲಿ ಆ ಹುಡುಗನ ಹೆಲ್ಮೆಟ್ಟು. ಹೊಸ ಹೆಲ್ಮೆಟ್ಟು, ಒಂದು ಗೀರು ಇಲ್ಲ. ಮೊಣಕೈಗೆ ಸಿಕ್ಕಿಸಿಕೊಂಡಿದ್ದನಂತೆ. ಅಮ್ಮ ಬಂದು ಮೊದಲು ಆ ಹೆಲ್ಮೆಟ್ಟನ್ನೇ ಎತ್ತಿಕೊಂಡಳು.

ಟ್ರ್ಯಾಕ್ ಬೇಕು ಅಂತ ನೀವು ಬರೆದರೆ ನಾನು ಮೊದಲು ಸಹಿ ಹಾಕುತ್ತೇನೆ. ರಸ್ತೆಯ ಮೇಲಿನದ್ದನ್ನು ಹೊಗಳಿ ಬರೆದರೆ ನನ್ನ ವಿರೋಧ ಉಂಟು.

ಬಂದರು ಹುಡುಗ
ಅಕ್ಕ, ತಪ್ಪಾಯಿತು. ಯೋಚನೆ ಮಾಡದೆ ಬರೆದೆ.

ಕೋಟೇಶ್ವರದ ಮಾಣಿ
ಕಾನೂನು ಎಂತ ಹೇಳ್ತದೆ ಅಂತ ಹಾಕಿಬಿಡ್ತೆ, ಎಲ್ಲರಿಗೂ ಗೊತ್ತಿರಲಿ. ಮೋಟಾರು ವಾಹನ ಕಾಯ್ದೆಯ 189ನೇ ಕಲಮು. ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ರೇಸು ಮಾಡಿದರೆ, 2019ರ ತಿದ್ದುಪಡಿ ನಂತರ, ಮೊದಲ ಸಲಕ್ಕೆ ಮೂರು ತಿಂಗಳ ತನಕ ಜೈಲು ಅಥವಾ 5,000 ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ಎರಡನೇ ಸಲಕ್ಕೆ ಒಂದು ವರ್ಷ, 10,000. ಮುಂಚೆ ಮೊದಲ ಸಲದ ದಂಡ ಬರೀ 500 ಇತ್ತು.

ಕಾಪು ದೀಪಸ್ತಂಭ
ಟ್ರ್ಯಾಕ್ ಕಟ್ಟಿದ ಕೂಡಲೇ ಹೈವೇ ರೇಸು ನಿಲ್ಲುತ್ತದೆ ಅಂತ ನಂಬಲಿಕ್ಕೆ ನನಗೆ ಕಷ್ಟ. ದೆಹಲಿ ಪಕ್ಕದಲ್ಲಿ ಬುದ್ಧ್ ಸರ್ಕ್ಯೂಟ್ ಉಂಟು, ಐದು ಕಿಲೋಮೀಟರಿಗೂ ಉದ್ದ. ಎಫ್1 ಮೂರೇ ವರ್ಷ ಬಂತು, 2011, 2012, 2013. ಮೂರನ್ನೂ ವೆಟ್ಟೆಲ್ ಗೆದ್ದ, ಅಲ್ಲಿಗೆ ಮುಗಿಯಿತು. ಮೋಟೋಜಿಪಿ 2023ರಲ್ಲಿ ಒಂದು ಸಲ. ಹೈದರಾಬಾದಿನಲ್ಲಿ ಹುಸೇನ್ ಸಾಗರದ ಬದಿಯಲ್ಲಿ ಫಾರ್ಮುಲಾ ಇ, ಅದೂ 2023ರಲ್ಲಿ ಒಂದೇ ಸಲ. ಕೋಟಿಗಟ್ಟಲೆ ಹಾಕಿ ಬೀಗ ಹಾಕುವ ಬದಲು ಒಂದು ಒಳ್ಳೆಯ ಈಜುಕೊಳ ಮಾಡಲಿ.

ಬೆಂಗಳೂರಲ್ಲಿರುವ ಕುಡ್ಲದವ
ಬುದ್ಧ್ ಸರ್ಕ್ಯೂಟಿನ ಉದಾಹರಣೆ ಇಲ್ಲಿಗೆ ಹೊಂದುವುದಿಲ್ಲ. ಹೋಲಿಸುವುದಿದ್ದರೆ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೆ ಹೋಲಿಸಿ. ಬರೀ 2.1 ಕಿಲೋಮೀಟರ್, 2003ರಿಂದ ನಡೆಯುತ್ತಾ ಉಂಟು. ಅಂಥ ಟ್ರ್ಯಾಕ್ ಇದ್ದ ಕಾರಣಕ್ಕೇ ನಾರಾಯಣ್ ಕಾರ್ತಿಕೇಯನ್ ಆ ಊರಿನಿಂದ ಎಫ್1ಗೆ ಹೋದದ್ದು.

ಎಡಸೀಟು (ಮಂಗಳೂರು)
ಇಲ್ಲ ಸರ್, ಕಾಲ ತಪ್ಪಿದೆ. ನಾರಾಯಣ್ 90ರ ದಶಕದ ಮೊದಲಲ್ಲೇ ಫಾರ್ಮುಲಾ ಮಾರುತಿ ಓಡಿಸುತ್ತಿದ್ದರು, ಶ್ರೀಪೆರಂಬದೂರು ಹತ್ತಿರದ ಇರುಂಗಾಟ್ಟುಕೋಟೈನಲ್ಲಿ. ಆ ಟ್ರ್ಯಾಕ್ 3.717 ಕಿಲೋಮೀಟರ್, 1990ರಿಂದ ಶೋಲಾವರಂನ ಬದಲಿಗೆ ಬಂದದ್ದು. ಕರಿ ಸ್ಪೀಡ್‌ವೇ ಆಗುವಾಗ ಅವರು ವಿದೇಶಕ್ಕೆ ಹೋಗಿ ಎಷ್ಟೋ ವರ್ಷವಾಗಿತ್ತು. 2005ರಲ್ಲಿ ಜೋರ್ಡನ್ ತಂಡದಲ್ಲಿ ಎಫ್1.

ಕೊಯಮತ್ತೂರಿನಲ್ಲಿ ಮೊದಲು ಹುಟ್ಟಿದ್ದು ಕಾರು. ಎಸ್. ಕರಿವರ್ಧನ್ ಮಾರುತಿ 800ರ ಎಂಜಿನ್ ತೆಗೆದು ಒಂದೇ ಸೀಟಿನ ರೇಸ್ ಕಾರು ಮಾಡಿದರು, ಹುಡುಗರಿಗೆ ಓಡಿಸಲಿಕ್ಕೆ ಕೊಟ್ಟರು. 1995ರಲ್ಲಿ ವಿಮಾನ ಅಪಘಾತದಲ್ಲಿ ಅವರು ತೀರಿಕೊಂಡರು. ಟ್ರ್ಯಾಕಿಗೆ ಅವರ ಹೆಸರು ಇಟ್ಟದ್ದು ಆಮೇಲೆ. ಕೂಳೂರಿನ ಅಣ್ಣ ಹೇಳಿದ್ದು ಅದಕ್ಕೇ ನನಗೆ ಸರಿ ಕಾಣುತ್ತದೆ. ವರ್ಕ್‌ಶಾಪು ಮೊದಲು, ಡಾಂಬರು ಆಮೇಲೆ.

ಬೆಂಗಳೂರಲ್ಲಿರುವ ಕುಡ್ಲದವ
ಒಪ್ಪಿದೆ. ಕರಿವರ್ಧನ್ ವಿಷಯ ಗೊತ್ತಿರಲಿಲ್ಲ.

ಎಂಡ್‌ಪಾಯಿಂಟ್
ವರ್ಕ್‌ಶಾಪು ಅಂದಿರಲ್ಲ, ಅದು ನಮ್ಮಲ್ಲಿ ಈಗಾಗಲೇ ಉಂಟು! ಮಣಿಪಾಲದ ಎಂಐಟಿಯಲ್ಲಿ ಫಾರ್ಮುಲಾ ಮಣಿಪಾಲ್ ಅಂತ ವಿದ್ಯಾರ್ಥಿ ತಂಡ, ಸುರತ್ಕಲ್ ಎನ್‌ಐಟಿಕೆಯಲ್ಲೂ ರೇಸಿಂಗ್ ತಂಡ. ನಾನು ನಾಲ್ಕು ವರ್ಷ ಬ್ರೇಕ್ ವಿಭಾಗದಲ್ಲಿ ಇದ್ದೆ. ವಿದ್ಯಾರ್ಥಿಗಳೇ ಕಾರು ಮಾಡಿ ತರುವ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆ ಅಂದರೆ ಬರೀ ಜೋರಾಗಿ ಓಡಿಸುವುದಲ್ಲ. ಮೊದಲು ಕಾರನ್ನು 60 ಡಿಗ್ರಿ ಓರೆ ಮಾಡುತ್ತಾರೆ, ಒಂದು ಹನಿ ಪೆಟ್ರೋಲು ಸೋರಬಾರದು, ಚಕ್ರ ಮೇಲೇಳಬಾರದು. ಆಮೇಲೆ ಬ್ರೇಕ್ ಪರೀಕ್ಷೆ. ನಾಲ್ಕೂ ಚಕ್ರ ಒಟ್ಟಿಗೇ ಲಾಕ್ ಆಗಬೇಕು. ಮೂರು ಲಾಕ್ ಆಗಿ ಒಂದು ತಿರುಗಿದರೆ ವಾಪಸ್ಸು. ಇಷ್ಟೆಲ್ಲ ದಾಟಿದ ಮೇಲೆ 75 ಮೀಟರಿನ ಓಟ, ಎಂಟರ ಆಕಾರದ ಸ್ಕಿಡ್‌ಪ್ಯಾಡ್, ಕೊನೆಗೆ 22 ಕಿಲೋಮೀಟರ್ ಎಂಡ್ಯೂರೆನ್ಸ್, ಮಧ್ಯದಲ್ಲಿ ಡ್ರೈವರ್ ಬದಲು.

ನಮ್ಮ ಕಾರಿನ ಎಡ ಹಿಂದಿನ ಚಕ್ರ ಲಾಕ್ ಆಗುತ್ತಿರಲಿಲ್ಲ. ಮುಂದಿನ, ಹಿಂದಿನ ಚಕ್ರಕ್ಕೆ ಬ್ರೇಕಿನ ಬಲ ಹಂಚುವ ಬಯಾಸ್ ಬಾರನ್ನು ಕಾಲು ಸುತ್ತು ತಿರುಗಿಸುವುದು, ಓಡಿಸಿ ನೋಡುವುದು, ಮತ್ತೆ ಕಾಲು ಸುತ್ತು. ಆ ಕೆಲಸಕ್ಕೆ ಬೇಕಾದದ್ದು ನೂರು ಮೀಟರ್ ಖಾಲಿ ಡಾಂಬರು. ಅದೇ ಸಿಗುತ್ತಿರಲಿಲ್ಲ! ಬೆಳಿಗ್ಗೆ ಐದಕ್ಕೆ, ವಾಕಿಂಗಿಗೆ ಜನ ಬರುವ ಮೊದಲು, ಒಂದು ಪಾರ್ಕಿಂಗ್ ಜಾಗದಲ್ಲಿ ಕೋನ್ ಇಟ್ಟು ಮಾಡುತ್ತಿದ್ದೆವು. ಆರೂವರೆಗೆ ಎತ್ತಬೇಕು. ಫಾರ್ಮುಲಾ ಭಾರತ್ ಸ್ಪರ್ಧೆಗೆ ಕರಿ ಸ್ಪೀಡ್‌ವೇಗೆ ಹೋದಾಗ ಮೊದಲ ಸಲ ಕಾರು ನಾಲ್ಕನೇ ಗೇರು ಕಂಡಿತು.

ಪಣಂಬೂರು ಗಾಳಿ
ಇಷ್ಟು ಓದಿದ ಮಕ್ಕಳಿಗೆ ನೂರು ಮೀಟರ್ ಕೊಡಲಿಕ್ಕೆ ಆಗುವುದಿಲ್ಲವಾ ನಮ್ಮ ಜಿಲ್ಲೆಗೆ? ಓದಿ ಸಂಕಟ ಆಯಿತು.

ಹಗ್ಗ ಹಿರಿಯ
ನೂರು ಮೀಟರ್ ಅಂದ ಕೂಡಲೇ ನಾನು ಬರಲೇಬೇಕು. ಈ ಜಿಲ್ಲೆಯ ನಿಜವಾದ ರೇಸ್ ಟ್ರ್ಯಾಕ್ ಕಂಬಳದ ಕರೆ, ಅಂದರೆ ಕೋಣ ಓಡಿಸುವ ಕೆಸರಿನ ದಾರಿ. 2020ರಲ್ಲಿ ಐಕಳದಲ್ಲಿ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಇಡೀ ಪ್ರಪಂಚ ನೋಡಿತು. ನೂರು ಮೀಟರಿಗೆ 9.55 ಆಯಿತು ಅಂತ ಬೋಲ್ಟ್‌ಗೆ ಹೋಲಿಸಿದರು.

ಬಜಪೆ ಬಯಲು
ಆ ಹೋಲಿಕೆ ಸರಿಯಲ್ಲ ಅಂತ ಶ್ರೀನಿವಾಸ ಗೌಡರೇ ಹೇಳಿದ್ದಾರೆ. ಕೋಣ ಎಳೆಯುವುದು ಬೇರೆ, ಒಬ್ಬನೇ ಓಡುವುದು ಬೇರೆ. ಮತ್ತೆ ಕೆಲವೇ ದಿನದಲ್ಲಿ ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟರು 143 ಮೀಟರಿಗೆ 13.61 ಸೆಕೆಂಡ್ ಮಾಡಿದರು. ಅವರ ಹೆಸರೂ ಬರಲಿ.

ಹಗ್ಗ ಹಿರಿಯ
ಬರಲಿ ಮಾರಾಯ್ರೇ, ಸಂತೋಷ. ನಾನು ಹೇಳಹೊರಟದ್ದು ಬೇರೆ. ಆ ಸೊನ್ನೆ ಪಾಯಿಂಟ್ ಸೊನ್ನೆ ಒಂದರ ಲೆಕ್ಕ ಹೇಗೆ ಬಂತು? ಕರೆಯಲ್ಲಿ ಲೇಸರ್ ಬೀಮ್ ಇಟ್ಟು ಅಳೆದದ್ದು. ಮುಂಚೆ ಕಣ್ಣಂದಾಜಿನಲ್ಲಿ ತೀರ್ಪು, ಅದಕ್ಕೇ ಎಷ್ಟೋ ಜಗಳ. ಕೆಸರಿನಲ್ಲಿ, ನೀರು ಹಾರುವಾಗ, ಮಧ್ಯರಾತ್ರಿ ಫ್ಲಡ್‌ಲೈಟಿನಲ್ಲಿ ಸೆಕೆಂಡಿನ ನೂರನೇ ಪಾಲು ಅಳೆಯುವ ಜನ ನಮ್ಮಲ್ಲಿದ್ದಾರೆ. ಎರಡು ದಿನ, ಸಾವಿರಾರು ಜನ, ಆಂಬುಲೆನ್ಸ್, ಪೊಲೀಸ್ ಬಂದೋಬಸ್ತು, ಮೈಕು, ಎಲ್ಲ ಊರಿನವರೇ ಮಾಡುತ್ತಾರೆ. ಸುಪ್ರೀಂ ಕೋರ್ಟಿನ ತನಕ ಹೋಗಿ 2023ರಲ್ಲಿ ಉಳಿಸಿಕೊಂಡು ಬಂದಿದ್ದೇವೆ. ಮಣ್ಣಿನ ಟ್ರ್ಯಾಕಿನ ರೇಸು ನಡೆಸಲಿಕ್ಕೆ ಇದಕ್ಕಿಂತ ಹೆಚ್ಚು ಅನುಭವ ಯಾರಿಗೆ ಬೇಕು?

ಎಡಸೀಟು (ಮಂಗಳೂರು)
ಈ ಮಾತು ನನಗೆ ಹೊಳೆದಿರಲಿಲ್ಲ. ರ‍್ಯಾಲಿಯಲ್ಲೂ ನಮಗೆ ಬೇಕಾದದ್ದು ಅದೇ ಬೀಮ್, ಅದೇ ಶಿಸ್ತು.

ಹೆಬ್ರಿ ಹೊಳೆ
ಟ್ರ್ಯಾಕ್ ಎಲ್ಲ ಯಾಕೆ, ಆಗುಂಬೆ ಘಾಟಿ ಉಂಟಲ್ಲ. 14 ಹೇರ್‌ಪಿನ್ ತಿರುವು. ವರ್ಷಕ್ಕೆ ಒಂದು ದಿನ ಬಂದ್ ಮಾಡಿ ಹಿಲ್ ಕ್ಲೈಂಬ್, ಅಂದರೆ ಘಾಟಿ ಹತ್ತುವ ರೇಸು, ಮಾಡಬಹುದು. ಯುರೋಪಿನಲ್ಲಿ ಮಾಡುವುದಿಲ್ಲವಾ?

ಪದವಿನಂಗಡಿ
ಖಂಡಿತ ಬೇಡ. ಅದು ಸೋಮೇಶ್ವರ ಅಭಯಾರಣ್ಯದ ಒಳಗಿನ ರಸ್ತೆ. ಸಿಂಗಳೀಕ ರಸ್ತೆ ದಾಟುವ ಜಾಗ. ಈಗಲೇ ಅಲ್ಲಿ ಕುರ್ಕುರೆ ಪ್ಯಾಕೆಟ್ಟಿಗೆ ಮಂಗಗಳು ಇಳಿದು ಬಂದು ಚಕ್ರದಡಿ ಸಿಗುತ್ತಿವೆ.

ರಾತ್ರಿಪಾಳಿ (ಮಣಿಪಾಲ)
ಆಗುಂಬೆಯಿಂದ ಆಂಬುಲೆನ್ಸ್ ಮಣಿಪಾಲ ಮುಟ್ಟಲಿಕ್ಕೆ ಎಷ್ಟು ಹೊತ್ತು ಬೇಕು ಅಂತ ನಮಗೆ ಗೊತ್ತು. ಬೇಡ.

ಆಲ್ದೂರು ಎಸ್ಟೇಟ್ (ಚಿಕ್ಕಮಗಳೂರು)
ಘಟ್ಟದ ಮೇಲಿಂದ ಒಂದು ಮಾತು. ಏಷ್ಯಾ ಪೆಸಿಫಿಕ್ ರ‍್ಯಾಲಿಯ ಭಾರತದ ಸುತ್ತು ನಮ್ಮ ಚಿಕ್ಕಮಗಳೂರಿನಲ್ಲಿ ನಡೆದಾಗ ಓಡಿದ್ದು ಕಾಫಿ ತೋಟದ ಒಳರಸ್ತೆಗಳಲ್ಲಿ. ಗೌರವ್ ಗಿಲ್ ಆ ಚಾಂಪಿಯನ್‌ಶಿಪ್ 2013, 2016, 2017ರಲ್ಲಿ ಗೆದ್ದವರು. 2019ರಲ್ಲಿ ಅರ್ಜುನ ಪ್ರಶಸ್ತಿ ಬಂತು, ಮೋಟರ್ ಸ್ಪೋರ್ಟ್‌ನವರಿಗೆ ಅದು ಮೊದಲನೆಯದು. ಕಾರು ಹೋದ ಮೇಲೆ ಒಂದು ನಿಮಿಷ ಸಾಲಿನ ಕಾಫಿ ಗಿಡ ಪೂರ್ತಿ ಕೆಂಪು ಧೂಳು. ಕೆಲಸದವರ ಮಕ್ಕಳು ಏಣಿ ಹತ್ತಿ ಕೂತು ಮುಂದಿನ ಕಾರಿನ ಸದ್ದು ಬರುವ ಮೊದಲೇ ಯಾವ ಕಾರು ಅಂತ ಹೇಳುತ್ತಿದ್ದರು.

ತೋಟದೊಳಗೆ ಯಾಕೆ ಮಾಡಿದ್ದು ಅಂದರೆ ಗೇಟು ಹಾಕಬಹುದು. ಗೇಟು ಹಾಕಿದರೆ ಎದುರಿನಿಂದ ಯಾರೂ ಬರುವುದಿಲ್ಲ. 2019ರಲ್ಲಿ ರಾಜಸ್ಥಾನದ ರಾಷ್ಟ್ರೀಯ ರ‍್ಯಾಲಿಯಲ್ಲಿ ರೇಸಿನ ದಾರಿಗೆ ಒಂದು ಬೈಕು ನುಗ್ಗಿ ಒಂದೇ ಮನೆಯ ಮೂವರು ಸತ್ತರು. ಜಾಗ ಹುಡುಕುವಾಗ ಮೊದಲು ನೋಡಬೇಕಾದದ್ದು ಬೇಲಿ, ಆಮೇಲೆ ತಿರುವು.

ಕಾಪು ದೀಪಸ್ತಂಭ
ಈ ಮಾತು ಸರಿಯಾಗಿ ಬಂತು. ಬೇಲಿ ಇರುವ ಸಣ್ಣ ಜಾಗ ಅಂದರೆ ನನ್ನ ವಿರೋಧ ಇಲ್ಲ. ಈಜುಕೊಳವೂ ಬೇಕು, ಅದನ್ನು ಬಿಡುವುದಿಲ್ಲ.

ಬಂದರು ಹುಡುಗ
ಎಡಸೀಟು ಅಣ್ಣ, ನೀವು ಕೋ-ಡ್ರೈವರಾ? ಪಕ್ಕದಲ್ಲಿ ಕೂತು ಎಂತ ಮಾಡುವುದು? ಡ್ರೈವರಿಗೆ ಕಣ್ಣು ಇಲ್ಲವಾ?

ಎಡಸೀಟು (ಮಂಗಳೂರು)
ಕಣ್ಣು ಉಂಟು, ತಿರುವಿನ ಆಚೆಗೆ ಕಾಣುವುದಿಲ್ಲ. ರ‍್ಯಾಲಿಯ ಮೊದಲು ಅದೇ ರಸ್ತೆಯಲ್ಲಿ ನಿಧಾನಕ್ಕೆ ಹೋಗಿ ನೋಡಲಿಕ್ಕೆ ಬಿಡುತ್ತಾರೆ, ರೆಕ್ಕಿ ಅಂತ. ಡ್ರೈವರ್ ಹೇಳುತ್ತಾ ಹೋಗುತ್ತಾನೆ, ನಾನು ಪೆನ್ಸಿಲಿನಲ್ಲಿ ಬರೆಯುತ್ತೇನೆ: ಎಷ್ಟು ಮೀಟರ್ ನೇರ, ಬಲಕ್ಕೋ ಎಡಕ್ಕೋ, ತಿರುವು ಎಷ್ಟು ಕಡಿದು, ಒಳಗೆ ಕಲ್ಲು ಉಂಟಾ, ತಿರುವು ಮುಗಿಯುವಾಗ ಬಿಗಿಯಾಗುತ್ತದಾ. ಪೆನ್ನು ಅಲ್ಲ, ಪೆನ್ಸಿಲೇ. ಬೆವರಿಗೆ ಶಾಯಿ ಹರಡುತ್ತದೆ. ರೇಸಿನ ದಿನ ಅದನ್ನು ಓದುವುದು. ಕಾರು ಈಗಿರುವ ತಿರುವನ್ನಲ್ಲ, ಅದರ ಮುಂದಿನದ್ದನ್ನು ಓದಬೇಕು. ಒಂದು ಸಾಲು ತಪ್ಪಿದರೆ ಮರ. ತಲೆ ಎತ್ತಿ ನೋಡುವ ಹಾಗಿಲ್ಲ, ಕಾರು ಎಲ್ಲಿದೆ ಅಂತ ಸೊಂಟದಲ್ಲೇ ಗೊತ್ತಾಗಬೇಕು.

ಈ ಸೀಟಿನಲ್ಲಿ ನಮ್ಮ ಕರಾವಳಿಯವರು ದೇಶಕ್ಕೇ ಮುಂದು. ಮೊಗ್ರಾಲಿನ ಮೂಸಾ ಷರೀಫ್ ಗೌರವ್ ಗಿಲ್ ಪಕ್ಕ ಕೂತು ಎಷ್ಟೋ ರಾಷ್ಟ್ರೀಯ ಪಟ್ಟ ಗೆದ್ದವರು. ಕಾಸರಗೋಡು ಅಂದರೂ ನಮ್ಮವರೇ. ಪೇಪರಿನಲ್ಲಿ ಡ್ರೈವರಿನ ಫೋಟೋ ಮಾತ್ರ ಬರುತ್ತದೆ, ಇದು ನನಗೆ ನಿಜವಾಗಿ ಬೇಸರ.

ಹೊಸಬರು ಕಲಿಯಲಿಕ್ಕೆ ಟಿಎಸ್‌ಡಿ ರ‍್ಯಾಲಿ ಒಳ್ಳೆಯದು. ಟೈಮ್, ಸ್ಪೀಡ್, ಡಿಸ್ಟೆನ್ಸ್. ಕೊಟ್ಟ ಸರಾಸರಿ ವೇಗದಲ್ಲೇ ಹೋಗಬೇಕು. ತಡವಾದರೂ ಪೆನಾಲ್ಟಿ, ಬೇಗ ಬಂದರೂ ಪೆನಾಲ್ಟಿ. ಮನೆಯ ಆಲ್ಟೋ ಸಾಕು. ಲೆಕ್ಕ ಬರುವವರು ಗೆಲ್ಲುತ್ತಾರೆ.

ಎಂಡ್‌ಪಾಯಿಂಟ್
ಹಾಗಾದರೆ ನನ್ನ ಅಮ್ಮ ಗೆಲ್ಲುತ್ತಾರೆ. ಬ್ಯಾಂಕಿನಲ್ಲಿ ಮೂವತ್ತು ವರ್ಷ.

ರೋಡ್‌ಕಿಂಗ್ ಮಗ (ಸುರತ್ಕಲ್)
ಕೂಳೂರಿನ ಅಣ್ಣ, ಎಣಿಸಿದೆ. ನೀವು ಹೇಳಿದ ಹಾಗೇ! ಮನೆಯದ್ದಕ್ಕಿಂತ ಶೋಲಾವರಂನದ್ದರಲ್ಲಿ ಒಂದು ಹಲ್ಲು ಜಾಸ್ತಿ, ಮಣ್ಣಿನದ್ದರಲ್ಲಿ ಎರಡು ಕಡಿಮೆ. ಶೋಲಾವರಂನದ್ದು ಹೆಚ್ಚುಕಡಿಮೆ ಹೊಸತು. ಮಣ್ಣಿನದ್ದು ಪೂರ್ತಿ ಸವೆದಿದೆ, ಹಲ್ಲುಗಳೆಲ್ಲ ಗರಗಸದ ಹಾಗೆ ಒಂದೇ ಕಡೆಗೆ ಬಾಗಿವೆ. ಫೋಟೋ ಹಾಕಿದ್ದೇನೆ.

ಕೂಳೂರು ಗ್ಯಾರೇಜ್
ನೋಡಿದೆ. ಇದು ವರ್ಷಕ್ಕೊಮ್ಮೆ ರೇಸಿಗೆ ಹೋಗಿ ಆಗುವ ಸವೆತ ಅಲ್ಲ. ವಾರ ವಾರ ಓಡಿಸಿದ್ದಾರೆ. ಬುಡದಲ್ಲಿ ಕೂತ ಕೆಂಪು ನೋಡು, ತುಕ್ಕಲ್ಲ, ನಮ್ಮ ಜಂಬಿಟ್ಟಿಗೆ ಮಣ್ಣು. ನಿನ್ನ ಅಪ್ಪ ಓಡಿಸಿದ್ದು ಇಲ್ಲಿಯೇ.

ಮೂಲ್ಕಿ ಹಳಬ
ನಾನು ಬರೆಯುವುದು ಕಡಿಮೆ, ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ. ಆ ಕಾಲದಲ್ಲಿ ರೇಸು ಅಂತ ಬೋರ್ಡು ಹಾಕಿ ಮಾಡಿದ್ದಲ್ಲ. ಸುಗ್ಗಿ ಬೆಳೆ ಕೊಯ್ದ ಮೇಲೆ ಗದ್ದೆ ಗಟ್ಟಿಯಾಗುತ್ತದೆ. ಬದು ಕಡಿದು ಎರಡು ಮೂರು ಗದ್ದೆ ಒಂದು ಮಾಡಿ, ಮೂಲೆಗೆ ಡಾಂಬರಿನ ಖಾಲಿ ಡಬ್ಬ ಇಟ್ಟು ಹುಡುಗರು ಸುತ್ತು ಹೊಡೆಯುತ್ತಿದ್ದರು. ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ. ನಾನು ರಾಜ್‌ದೂತ್‌ನಲ್ಲಿ ಹೋಗುತ್ತಿದ್ದೆ. ಯೆಜ್ಡಿಯವರು ಎಂಟು ಹತ್ತು ಜನ ಇದ್ದರು. ಕಿಕ್ ಹೊಡೆದ ಲಿವರನ್ನೇ ಮಡಚಿ ಗೇರು ಹಾಕುವುದು ಯೆಜ್ಡಿಯಲ್ಲಿ, ಅದು ನಮಗೆ ಆಶ್ಚರ್ಯ. ಗದ್ದೆಯ ಯಜಮಾನರಿಗೆ ಗೆದ್ದವನು ಒಂದು ಕಟ್ಟು ವೀಳ್ಯದೆಲೆ, ಐದು ಅಡಿಕೆ ಕೊಡಬೇಕು. ಅದೇ ಟಿಕೇಟು, ಅದೇ ಬಾಡಿಗೆ. ಮೇ ಕೊನೆಗೆ ಮೊದಲ ಮಳೆ ಬಿದ್ದರೆ ಬದು ವಾಪಸ್ ಕಟ್ಟಿ ಕೊಟ್ಟು ಬರುವುದು ನಮ್ಮ ಕೆಲಸ.

27 ನಂಬರ್ ನನಗೆ ನೆನಪಿಲ್ಲ. ಸುಳ್ಳು ಹೇಳುವುದಿಲ್ಲ. ಆದರೆ ಸುರತ್ಕಲ್ ಕಡೆಯಿಂದ ಒಬ್ಬರು ಬರುತ್ತಿದ್ದರು, ಬೈಕಿನ ಹಿಂದೆ ತಗಡಿನ ಪೆಟ್ಟಿಗೆ ಕಟ್ಟಿಕೊಂಡು. ಬಂದ ಕೂಡಲೇ ಗದ್ದೆಯ ಬದಿ ಗೋಣಿ ಹಾಸಿ ಕೂತು ಸ್ಪ್ರಾಕೆಟ್ ಬದಲಾಯಿಸುತ್ತಿದ್ದರು. ಹೋಗುವಾಗ ಮತ್ತೆ ಬದಲಾಯಿಸಿಯೇ ಹೋಗುವುದು. ನಾವೆಲ್ಲ ಮನೆಗೆ ಹೋಗುವ ಅವಸರದಲ್ಲಿ ಇದ್ದರೂ ಅವರಿಗೆ ಅವಸರ ಇರಲಿಲ್ಲ.

ರೋಡ್‌ಕಿಂಗ್ ಮಗ (ಸುರತ್ಕಲ್)
ಅಜ್ಜ, ಅದು ಅಪ್ಪನೇ. ಪೆಟ್ಟಿಗೆಯ ಎರಡೂ ಬದಿಯಲ್ಲಿ ಹಗ್ಗ ತಿಕ್ಕಿ ಬಣ್ಣ ಹೋಗಿದೆ. ಅಮ್ಮನಿಗೆ ಓದಿ ಹೇಳಿದೆ. "ಭಾನುವಾರ ಮೂಲ್ಕಿಗೆ ಮೀನಿಗೆ ಹೋಗುತ್ತೇನೆ ಅಂತ ಹೇಳಿ ಹೋಗುತ್ತಿದ್ದರು, ಬರುವಾಗ ಅಂಗಿ ಎಲ್ಲ ಕೆಂಪು" ಅಂತ ಅಮ್ಮ ಈಗ ಹೇಳುತ್ತಿದ್ದಾಳೆ. ನಿಮ್ಮನ್ನು ಬಂದು ನೋಡಬಹುದಾ?

ಮೂಲ್ಕಿ ಹಳಬ
ಯಾವಾಗ ಬೇಕಾದರೂ ಬಾ. ಅಮ್ಮನನ್ನು ಕರೆದುಕೊಂಡು ಬಾ.

ಪದವಿನಂಗಡಿ
ಜಾಗದ ವಿಷಯಕ್ಕೆ ಬರುವ, ಇಲ್ಲದಿದ್ದರೆ ಇದು ಇಲ್ಲೇ ನಿಲ್ಲುತ್ತದೆ. ಗದ್ದೆ ಈಗ ಉಳಿದಿಲ್ಲ. ಕಲ್ಲು ತೆಗೆದು ಬಿಟ್ಟ ಕೆಂಪುಕಲ್ಲಿನ ಕೋರೆ ಪದವಿನ ಮೇಲೆ ಎಷ್ಟೋ ಉಂಟು. ನೆಲ ಸಮ, ಸುತ್ತ ಕಲ್ಲಿನದ್ದೇ ಗೋಡೆ, ಒಳಗೆ ಹೋಗಲಿಕ್ಕೆ ಲಾರಿಯ ಒಂದೇ ದಾರಿ. ಆಲ್ದೂರಿನವರು ಹೇಳಿದ ಬೇಲಿ ತನ್ನಷ್ಟಕ್ಕೇ ಉಂಟು. ಸದ್ದೂ ಮೇಲೆ ಹೋಗುತ್ತದೆ.

ಬಜಪೆ ಬಯಲು
ಕಲ್ಲಿನ ಗೋಡೆ ಬೈಕಿನವನಿಗೆ ಬೇಲಿ ಅಲ್ಲ, ಅಪಾಯ. ಗೋಡೆಯಿಂದ ದೂರಕ್ಕೆ ಟ್ರ್ಯಾಕ್ ಹಾಕಬೇಕು, ಮಧ್ಯದಲ್ಲಿ ಹಳೆ ಟಯರಿನ ಸಾಲು ಬೇಕು. ಜೂನಿನಿಂದ ಕೋರೆ ಪೂರ್ತಿ ಕೆರೆಯಾಗುತ್ತದೆ, ಹಾಗಾಗಿ ಡಿಸೆಂಬರಿನಿಂದ ಮೇ ತನಕ ಮಾತ್ರ. ಯಜಮಾನರ ಒಪ್ಪಿಗೆ, ಪಂಚಾಯತ್, ದೇಶದ ಮೋಟರ್ ಸ್ಪೋರ್ಟ್ಸ್ ಕ್ಲಬ್ಬುಗಳ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಮಾನ್ಯತೆ ಇರುವ ಒಂದು ಕ್ಲಬ್ಬು. ಇದಿಲ್ಲದೆ ಒಂದು ಚಕ್ರವೂ ತಿರುಗಬಾರದು.

ಹಗ್ಗ ಹಿರಿಯ
ಬೀಮ್ ಇಡುವವರನ್ನು ನಾನು ಕೇಳುತ್ತೇನೆ. ಕಂಬಳದ ಸೀಸನ್ ಮುಗಿದ ಮೇಲೆ ಅವರಿಗೂ ಬಿಡುವು.

ರಾತ್ರಿಪಾಳಿ (ಮಣಿಪಾಲ)
ಮೊದಲ ದಿನ ನಾನೂ ನನ್ನ ಇಬ್ಬರು ಸಹೋದ್ಯೋಗಿಗಳೂ ಬರುತ್ತೇವೆ. ಹೆಲ್ಮೆಟ್ಟಿನ ಪಟ್ಟಿ ಕಟ್ಟಿದ್ದನ್ನು ನಾನು ಕೈಯಲ್ಲಿ ಎಳೆದು ನೋಡಿಯೇ ಒಳಗೆ ಬಿಡುವುದು.

ಎಂಡ್‌ಪಾಯಿಂಟ್
ಕೋನ್ ನಮ್ಮ ಹತ್ತಿರ ಅರವತ್ತು ಉಂಟು.

ಎಡಸೀಟು (ಮಂಗಳೂರು)
ನನಗೆ ಗೊತ್ತಿರುವ ಒಂದು ಕೋರೆ ಉಂಟು. ಯಜಮಾನರು ದೂರದ ನೆಂಟರು, ನೋಡಲಿಕ್ಕೆ ಬನ್ನಿ ಅಂದಿದ್ದಾರೆ, ಅಷ್ಟೇ. ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ. ಅಳೆಯಲಿಕ್ಕೆ ಟೇಪು, ಹಗ್ಗ ತರುವವರು ಖಾಸಗಿ ಮೆಸೇಜು ಹಾಕಿ.

ಕೂಳೂರು ಗ್ಯಾರೇಜ್
ನಾನು ಬರುತ್ತೇನೆ. ತಮ್ಮ, ಅಪ್ಪನ ರೋಡ್‌ಕಿಂಗ್ ಎಲ್ಲಿ? ಮನೆಯಲ್ಲೇ ಉಂಟಾ?

ರೋಡ್‌ಕಿಂಗ್ ಮಗ (ಸುರತ್ಕಲ್)
ಕೊಟ್ಟಿಗೆಯಲ್ಲಿ ಉಂಟು ಅಣ್ಣ. ಎಂಟು ವರ್ಷದಿಂದ ನಿಂತಿದೆ. ಕಿಕ್ ಕೆಳಗೆ ಇಳಿಯುವುದಿಲ್ಲ.

ಕೂಳೂರು ಗ್ಯಾರೇಜ್
ಪಿಸ್ಟನ್ ಹಿಡಿದಿದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ತೂತಿಗೆ ಡೀಸೆಲ್ ಹಾಕಿ ಮೂರು ದಿನ ಬಿಡು. ಜೋರು ಮಾಡಬೇಡ. ಶನಿವಾರ ಟೆಂಪೋದಲ್ಲಿ ಗ್ಯಾರೇಜಿಗೆ ತಾ. ಪೆಟ್ಟಿಗೆಯಿಂದ ಮಣ್ಣಿನದ್ದು ತರಬೇಡ, ಅದು ಹಾಗೇ ಇರಲಿ. ಅದೇ ಹಲ್ಲಿನ ಲೆಕ್ಕಕ್ಕೆ ಹೊಸತೊಂದು ಲೇತಿನಲ್ಲಿ ಮಾಡಿಸುವ.